ವಾಲ್ ಮರೀ ಕಡೆ ಹೋಗುವವರಿಗೆ: ಸಸ್ಕ್ಯಾಚುವಾನಿನ ಹುಲ್ಲುಗಾವಲಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ

ಕ್ಯಾಲ್ಗರಿ, ರೆಜೈನಾ ಕಡೆ ಇರುವ ನಮ್ಮವರು ರಜೆ ಸಿಕ್ಕರೆ ಬ್ಯಾನ್ಫ್‌ಗೆ ಹೋಗುತ್ತಾರೆ. ತಪ್ಪಲ್ಲ, ಆದರೆ ಕೆನಡಾದ ಪ್ರೇರಿ, ಅಂದರೆ ಬಯಲು ಹುಲ್ಲುಗಾವಲು, ಹೇಗಿರುತ್ತೆ ಅಂತ ನೋಡಬೇಕಾದರೆ ಸಸ್ಕ್ಯಾಚುವಾನಿನ ದಕ್ಷಿಣ ತುದಿಯ ವಾಲ್ ಮರೀಗೆ ಹೋಗಬೇಕು. ಗ್ರಾಸ್‌ಲ್ಯಾಂಡ್ಸ್ ನ್ಯಾಷನಲ್ ಪಾರ್ಕ್‌ನ ಪಶ್ಚಿಮ ಭಾಗಕ್ಕೆ ಇದೇ ಬಾಗಿಲು. ಊರಲ್ಲಿ ನೂರು ಚಿಲ್ಲರೆ ಜನ ಅಷ್ಟೇ. ಸುತ್ತಲಿನ ಗ್ರಾಮೀಣ ಮುನಿಸಿಪಾಲಿಟಿಗೆ ವಾಲ್ ಮರೀ ನಂಬರ್ 17 ಅಂತ ಹೆಸರು. ಈ ಪ್ರಾಂತ್ಯದಲ್ಲಿ ಇಂಥ ಮುನಿಸಿಪಾಲಿಟಿಗಳಿಗೆಲ್ಲ ನಂಬರ್ ಇದೆ, ಎಲ್ಲರೂ ಆರ್‌ಎಂ ಅಂತಾರೆ. ಆಗ್ನೇಯ ಮೂಲೆಯಿಂದ ಎಣಿಕೆ ಶುರು, ಹಾಗಾಗಿ ನಂಬರ್ ಚಿಕ್ಕದಿದ್ದರೆ ಅಮೆರಿಕದ ಗಡಿ ಹತ್ತಿರ ಇದೆ ಅಂತ ತಿಳಿಯಬಹುದು. ಇಲ್ಲಿ ಒಂದು ಚದರ ಕಿಲೋಮೀಟರಿಗೆ ಒಬ್ಬ ಮನುಷ್ಯನೂ ಲೆಕ್ಕಕ್ಕೆ ಬರೋದಿಲ್ಲ. ನೀವು ಮಾಡುವ ತಯಾರಿಯೆಲ್ಲ ಈ ಒಂದು ಮಾತಿನ ಮೇಲೆ ನಿಂತಿದೆ.

ದಾರಿ ಸುಲಭ. ಟ್ರಾನ್ಸ್-ಕೆನಡಾ ಹೈವೇಯಲ್ಲಿ ಸ್ವಿಫ್ಟ್ ಕರೆಂಟ್ ತನಕ ಬನ್ನಿ, ಅಲ್ಲಿಂದ 4ನೇ ಹೈವೇ ಹಿಡಿದು ದಕ್ಷಿಣಕ್ಕೆ ಸುಮಾರು 120 ಕಿ.ಮೀ. ಪೆಟ್ರೋಲ್, ದಿನಸಿ, ಔಷಧಿ, ನೀರು ಎಲ್ಲಾ ಸ್ವಿಫ್ಟ್ ಕರೆಂಟ್‌ನಲ್ಲೇ ಮುಗಿಸಿ. ದೊಡ್ಡ ಆಸ್ಪತ್ರೆ ಇರೋದೂ ಅಲ್ಲೇ. ಮುಂದೆ ಸಿಗುತ್ತೆ ಬಿಡು ಅನ್ನುವ ಹೆದ್ದಾರಿ ಅಭ್ಯಾಸ ಇಲ್ಲಿ ನಡೆಯೋದಿಲ್ಲ. ಸಸ್ಯಾಹಾರಿಗಳಂತೂ ಚಪಾತಿ, ಪುಳಿಯೋಗರೆ ಗೊಜ್ಜು, ಒಂದು ಗ್ಯಾಸ್ ಸ್ಟವ್ ಜೊತೆಗಿಟ್ಟುಕೊಳ್ಳಿ. ವಾಲ್ ಮರೀಯಲ್ಲಿ ಉಳಿಯಲು ಜಾಗ ಕಡಿಮೆ, ಬೇಸಿಗೆಯಲ್ಲಿ ಬೇಗ ತುಂಬುತ್ತದೆ, ಆದ್ದರಿಂದ ಮೊದಲೇ ಬುಕ್ ಮಾಡಿ. ಪಾರ್ಕ್ ಒಳಗೆ ಫ್ರೆಂಚ್‌ಮನ್ ವ್ಯಾಲಿ ಕ್ಯಾಂಪ್‌ಗ್ರೌಂಡ್ ಇದೆ.

ಇನ್ನು ರಸ್ತೆ. ಹೈವೇ ಬಿಟ್ಟು ಒಳಗೆ ಇಳಿದರೆ ಗ್ರಿಡ್ ರೋಡ್. ನೂರು ವರ್ಷಕ್ಕೂ ಹಿಂದೆ ಭೂಮಿಯನ್ನು ಮೈಲಿ ಲೆಕ್ಕದಲ್ಲಿ ಚೌಕ ಚೌಕವಾಗಿ ಅಳೆದು ಹಂಚಿದರಲ್ಲ, ಆ ಗೆರೆಗಳ ಮೇಲೇ ರಸ್ತೆಗಳು. ಕೆಲವಕ್ಕೆ ಜಲ್ಲಿ ಇದೆ, ಕೆಲವು ಬರೀ ಮಣ್ಣು. ಫೋನಿನ ಮ್ಯಾಪ್‌ಗೆ ಈ ವ್ಯತ್ಯಾಸ ಗೊತ್ತಾಗೋದಿಲ್ಲ, ಹತ್ತಿರದ ದಾರಿ ಅಂತ ಸೀದಾ ಮಣ್ಣಿನ ರಸ್ತೆಗೇ ಕಳಿಸುತ್ತದೆ. ಒಣಗಿದ್ದಾಗ ಪರವಾಗಿಲ್ಲ. ಮಳೆ ಬಿತ್ತು ಅಂದರೆ ಆ ಜೇಡಿಮಣ್ಣು ಗಂಬೋ ಆಗುತ್ತದೆ, ಇಲ್ಲಿನವರು ಅದನ್ನು ಕರೆಯೋದೇ ಹಾಗೆ. ವಿಜಯಪುರ, ಗದಗ ಕಡೆ ಎರೆ ಹೊಲದಲ್ಲಿ ಮಳೆಗಾಲದಲ್ಲಿ ನಡೆದವರಿಗೆ ಹೇಳಬೇಕಾಗಿಲ್ಲ, ಹೆಜ್ಜೆ ಹೆಜ್ಜೆಗೂ ಚಪ್ಪಲಿ ಭಾರವಾಗುತ್ತದಲ್ಲ, ಅದೇ ಕಥೆ ಕಾರಿನ ಚಕ್ರಕ್ಕೆ. ಫೋರ್ ವೀಲ್ ಡ್ರೈವ್ ಇದ್ದರೂ ಧೈರ್ಯ ಬೇಡ. ಮೊಬೈಲ್ ಸಿಗ್ನಲ್ ಎಷ್ಟೋ ಕಡೆ ಇರೋದಿಲ್ಲ, ಎಳೆಯಲು ಬರುವವರು ದೂರದಿಂದ ಬರಬೇಕು. ಮಳೆ ಇದ್ದರೆ ಒಂದು ದಿನ ಕಾಯಿರಿ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ. ಜಲ್ಲಿಯ ಮೇಲೆ ನಿಧಾನ ಓಡಿಸಿ, ಎದುರಿಗೆ ಟ್ರಕ್ ಬಂದರೆ ಇನ್ನೂ ನಿಧಾನ, ಕಲ್ಲು ಸಿಡಿದು ಮುಂದಿನ ಗಾಜು ಬಿರುಕು ಬಿಡೋದು ಇಲ್ಲಿ ಮಾಮೂಲು. ಎದುರು ಬರುವವರು ಸ್ಟೇರಿಂಗ್ ಮೇಲಿಂದ ಒಂದು ಬೆರಳು ಎತ್ತುತ್ತಾರೆ. ಅದು ನಮಸ್ಕಾರ, ನೀವೂ ಎತ್ತಿ.

ಬೇಲಿ ಇಲ್ಲದಿದ್ದರೂ ಪಾರ್ಕ್ ಹೊರಗಿನ ಜಮೀನು ಯಾರದೋ ಆಗಿರುತ್ತದೆ. 2022ರಿಂದ ಸಸ್ಕ್ಯಾಚುವಾನಿನಲ್ಲಿ ಖಾಸಗಿ ಗ್ರಾಮೀಣ ಜಮೀನಿಗೆ ಕಾಲಿಡುವ ಮೊದಲೇ ಮಾಲೀಕರ ಒಪ್ಪಿಗೆ ಬೇಕು. ಫೋಟೋಗೆ ಅಂತ ಹೊಲಕ್ಕೆ ಇಳಿಯಬೇಡಿ. ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಲೇಬೇಡಿ. ಸೈಲೆನ್ಸರ್ ಬಿಸಿಗೆ ಹುಲ್ಲು ಹತ್ತಿಕೊಂಡರೆ ಈ ಗಾಳಿಗೆ ಅದು ಎಲ್ಲಿ ನಿಲ್ಲುತ್ತೆ ಹೇಳಿ? ಹತ್ತಾರು ಮೈಲಿಗೆ ಒಬ್ಬೊಬ್ಬ ರೈತರ ಮನೆ, ಅವರ ವರ್ಷದ ಮೇವು ಎಲ್ಲಾ ಆ ದಿಕ್ಕಿನಲ್ಲೇ ಇರುತ್ತದೆ.

ನೋಡೋದು ಏನಿದೆ? ಪಾರ್ಕ್ ಒಳಗೆ ಇಕೋಟೂರ್ ಅನ್ನೋ ಜಲ್ಲಿ ರಸ್ತೆಯಿದೆ, ಫ್ರೆಂಚ್‌ಮನ್ ನದಿಯ ಕಣಿವೆಯಲ್ಲಿ ಸಾಗುತ್ತದೆ. ಪ್ರೇರಿ ಡಾಗ್ (ಹೆಸರಿಗೆ ನಾಯಿ, ನಿಜಕ್ಕೆ ಬಿಲದಲ್ಲಿರುವ ಅಳಿಲಿನ ಜಾತಿ) ಬಿಲದ ಕೇರಿಗಳು ರಸ್ತೆ ಪಕ್ಕದಲ್ಲೇ ಇವೆ. ಕಪ್ಪು ಬಾಲದ ಪ್ರೇರಿ ಡಾಗ್ ಇಡೀ ಕೆನಡಾದಲ್ಲಿ ಕಾಡಿನ ಜೀವಿಯಾಗಿ ಬದುಕಿರೋದು ಈ ಪ್ರದೇಶದಲ್ಲಿ ಮಾತ್ರ. ಎಂಜಿನ್ ಆಫ್ ಮಾಡಿ ಸುಮ್ನೆ ಕೂತುಕೊಳ್ಳಿ. ಮೊದಲು ಎಲ್ಲವೂ ಬಿಲ ಸೇರುತ್ತವೆ, ಸ್ವಲ್ಪ ಹೊತ್ತಿಗೆ ಒಂದು ತಲೆ, ಆಮೇಲೆ ಇನ್ನೊಂದು. ಯಾವುದೋ ಒಂದು ಎರಡೂ ಹಿಂಗಾಲ ಮೇಲೆ ಎದ್ದು, ಮೈ ಹಿಂದಕ್ಕೆ ಬಾಗಿಸಿ, ಕೈ ಎರಡೂ ಮೇಲೆತ್ತಿ ಕೂಗು ಹಾಕುತ್ತದೆ, ಅದು ನೋಡಿದ್ದೇ ಪಕ್ಕದ್ದು, ಅದರ ಪಕ್ಕದ್ದು, ಹೀಗೆ ಕೇರಿ ಉದ್ದಕ್ಕೂ ಎದ್ದು ಕೂಗುತ್ತವೆ. ತಿನ್ನಲು ಏನೂ ಹಾಕಬೇಡಿ.

ಬೈಸನ್, ಅಂದರೆ ಅಮೆರಿಕ ಖಂಡದ ದೊಡ್ಡ ಕಾಡು ದನಗಳನ್ನು ಬೇಟೆಯಾಡಿ ಇಲ್ಲಿ ಪೂರ್ತಿ ಮುಗಿಸಿದ್ದರು. 2005ರ ಡಿಸೆಂಬರ್‌ನಲ್ಲಿ ಆಲ್ಬರ್ಟಾದ ಎಲ್ಕ್ ಐಲ್ಯಾಂಡ್ ನ್ಯಾಷನಲ್ ಪಾರ್ಕ್‌ನಿಂದ 71 ಬೈಸನ್ ತಂದರು, ಈಗ ಕೆಲವು ನೂರು ಇವೆ. 100 ಮೀಟರ್ ದೂರ ಕಡ್ಡಾಯ. ನಡೆಯುವಾಗ ಹುಲ್ಲಿನ ನಡುವೆ ಒಂಟಿ ಬಂಡೆ ಕಂಡರೆ ಹತ್ತಿರ ಹೋಗಿ ಕೈಯಿಟ್ಟು ನೋಡಿ. ಮೂಲೆಗಳು ನುಣ್ಣಗೆ ಸವೆದು ಹೊಳೆಯುತ್ತವೆ, ಸುತ್ತ ನೆಲ ತಗ್ಗಾಗಿರುತ್ತದೆ. ತುರಿಕೆಗೆ ಬೈಸನ್‌ಗಳು ತಲೆತಲಾಂತರದಿಂದ ಮೈ ಉಜ್ಜಿದ ಬಂಡೆಗಳು ಅವು. ನನಗೆ ಇಡೀ ಪ್ರವಾಸದಲ್ಲಿ ಅತಿ ಹೆಚ್ಚು ಇಷ್ಟವಾದದ್ದು ಈ ಬಂಡೆಗಳೇ. ಗುಡ್ಡದ ಮೇಲೆ ನೆಲದಲ್ಲಿ ವೃತ್ತಾಕಾರದ ಕಲ್ಲುಗಳು ಸಿಕ್ಕರೆ ಅವು ಮೂಲನಿವಾಸಿಗಳ ಟೀಪಿ ಡೇರೆಗಳ ಗುರುತು. ಒಂದು ಕಲ್ಲನ್ನೂ ಅಲ್ಲಾಡಿಸಬೇಡಿ.

ಪಾರ್ಕ್‌ನ ಸೆವೆಂಟಿ ಮೈಲ್ ಬ್ಯೂಟ್ ಅನ್ನೋ ಗುಡ್ಡ ಹತ್ತಿ, ಬೆಳಿಗ್ಗೆಯೇ ಹತ್ತಿ. ನೆರಳು ಅನ್ನೋದು ಎಲ್ಲೂ ಇಲ್ಲ. ಪ್ರೇರಿ ರ್‍ಯಾಟಲ್‌ಸ್ನೇಕ್ ಇದೆ, ವಿಷದ ಹಾವು, ಪಾದ ಮುಚ್ಚುವ ಶೂ ಮತ್ತು ಉದ್ದ ಪ್ಯಾಂಟ್ ಬೇಕೇ ಬೇಕು, ಕಲ್ಲಿನ ಸಂದಿಗೆ ಕೈ ಹಾಕಬೇಡಿ. ರಕ್ತ ಹೀರುವ ಉಣ್ಣೆ ಹುಳವೂ (ಟಿಕ್) ಹತ್ತುತ್ತದೆ, ಸಂಜೆ ಮಕ್ಕಳ ಮೈ ನೋಡಿಬಿಡಿ.

ಒಂದು ರಾತ್ರಿ ಉಳಿಯಿರಿ ಅಂತ ಹೇಳೋದು ಆಕಾಶಕ್ಕಾಗಿ. 2009ರಿಂದ ಈ ಪಾರ್ಕ್ ಡಾರ್ಕ್ ಸ್ಕೈ ಪ್ರಿಸರ್ವ್, ಅಂದರೆ ರಾತ್ರಿಯ ಕತ್ತಲೆಯನ್ನೇ ಕಾಪಾಡುವ ಜಾಗ. ಜೂನ್‌ನಲ್ಲಿ ರಾತ್ರಿ ಹತ್ತಾದರೂ ಬೆಳಕು ಉಳಿದಿರುತ್ತದೆ, ಮಕ್ಕಳು ಅಷ್ಟು ಹೊತ್ತು ಎದ್ದಿರೋದು ಕಷ್ಟ. ಅದಕ್ಕೇ ನಾನು ಸೆಪ್ಟೆಂಬರ್ ಮೊದಲ ವಾರಗಳನ್ನು ಹೇಳುತ್ತೇನೆ. ಬೇಗ ಕತ್ತಲಾಗುತ್ತೆ, ಸೊಳ್ಳೆ ಕಡಿಮೆ, ಬಿಸಿಲೂ ಹದವಾಗಿರುತ್ತದೆ. ಅಮಾವಾಸ್ಯೆ ಹತ್ತಿರದ ದಿನ ನೋಡಿಕೊಂಡು ಹೋಗಿ, ಕೆಂಪು ಬೆಳಕಿನ ಟಾರ್ಚ್ ಒಯ್ಯಿರಿ. ಅದು ಕೊಯ್ಲಿನ ಕಾಲ, ರಸ್ತೆ ತುಂಬ ಅಗಲದ ಕಂಬೈನ್‌ಗಳು, ಅಂದರೆ ಕೊಯ್ಲಿನ ಯಂತ್ರಗಳು, ಬರುತ್ತವೆ, ಪಕ್ಕಕ್ಕೆ ನಿಂತು ದಾರಿ ಬಿಡಿ. ಆಕ್ಟೋಬರ್ ನಂತರ ವಿಸಿಟರ್ ಸೆಂಟರ್ ಮುಚ್ಚಿರುತ್ತದೆ.

ಇನ್ನೆರಡು ಮಾತು. ಸಸ್ಕ್ಯಾಚುವಾನಿನಲ್ಲಿ ಗಡಿಯಾರ ಹಿಂದೆ ಮುಂದೆ ಮಾಡೋದಿಲ್ಲ. ಬೇಸಿಗೆಯಲ್ಲಿ ಕ್ಯಾಲ್ಗರಿ ಸಮಯವೇ ಇಲ್ಲೂ, ಮ್ಯಾನಿಟೋಬಾದಿಂದ ಬರುವವರಿಗೆ ಒಂದು ಗಂಟೆ ಹಿಂದೆ. ಮತ್ತೆ, 4ನೇ ಹೈವೇಯಲ್ಲಿ ವಾಲ್ ಮರೀ ದಾಟಿ ಹಾಗೇ ದಕ್ಷಿಣಕ್ಕೆ ಹೋದರೆ ಮಾಂಚಿ ಗಡಿ ಠಾಣೆ, ಆಚೆ ಮೊಂಟಾನಾ. ಅಮೆರಿಕದ ವೀಸಾ ಇಲ್ಲದವರು, ವರ್ಕ್ ಪರ್ಮಿಟ್ ಮೇಲೆ ಇರುವವರು, ಊರಿಂದ ಬಂದ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಅದಕ್ಕೆ ಮೊದಲೇ ತಿರುಗಿಕೊಳ್ಳಿ. ಪಾರ್ಕ್‌ನ ಪೂರ್ವ ಭಾಗವನ್ನು ಅದೇ ದಿನ ಸೇರಿಸಿಕೊಳ್ಳಬೇಡಿ, ನಡುವೆ ನೇರ ರಸ್ತೆ ಇಲ್ಲ, ಸುತ್ತಿ ಹೋಗಬೇಕು. 1874ರಲ್ಲಿ ಭೂವಿಜ್ಞಾನಿ ಜಾರ್ಜ್ ಡಾಸನ್ ಡೈನೋಸಾರ್ ಮೂಳೆ ಕಂಡ ಬ್ಯಾಡ್‌ಲ್ಯಾಂಡ್ಸ್, ಅಂದರೆ ಮಳೆ ಗಾಳಿಗೆ ಕೊರೆದುಹೋದ ಬೋಳು ಗುಡ್ಡಗಳು, ಇರೋದು ಆ ಕಡೆ. ಅದಕ್ಕೆ ಬೇರೆಯೇ ಎರಡು ದಿನ ಇಟ್ಟುಕೊಂಡು ಹೋಗಿ.