ದಾಟಿಹೋದ ಗಂಟೆಗಳ ಮಳೆ

ಕೊಡಗಿನ ಗಾಳಿಬೀಡಿನ ತೋಟವೊಂದರಲ್ಲಿ ನಾವು ಕೂರಿಸಿರುವ ಮಳೆ ಅಳೆಯುವ ಯಂತ್ರವು ಈ ವಾರ, ಒಂದೇ ಗಂಟೆಯಲ್ಲಿ ನಾಲ್ಕು ಇಂಚಿಗೂ ಹೆಚ್ಚು ಮಳೆ ಬಿತ್ತೆಂದು ದಾಖಲಿಸಿತು. ತೋಟದ ಲೆಕ್ಕಪತ್ರ ನೋಡುವ ರೈಟರು ತಮ್ಮ ಮಳೆ ಪುಸ್ತಕವನ್ನು ತೆರೆದಿಟ್ಟು, ಕೂಲಿಯವರ ಸಾಲುಮನೆಗಳ ಹಿಂದಿನ ಕಡಿದಾದ ಮಣ್ಣಿನ ದಿಬ್ಬವನ್ನು ತೋರಿಸಿ, "ಒಂದು ಗಂಟೆಗೆ ಇಷ್ಟು ಸುರಿದಿದ್ದರೆ ಲೈನ್‌ಮನೆ ಹಿಂದಿನ ಬರೆ ನಿಲ್ಲುತ್ತಿತ್ತಾ ಸಾರ್?" ಎಂದು ಕೇಳಿದರು. ನನ್ನ ಜೊತೆಗಿದ್ದ ಹುಡುಗ, "ಒಟ್ಟು ಸರಿ ಇದೆಯಲ್ಲ" ಎಂದ. ಮಳೆಗೆ ಕೊಡಗಿನ ಗುಡ್ಡಗಳು ಕುಸಿದ 2018ರ ಆಗಸ್ಟ್ ತಿಂಗಳನ್ನು ಕಂಡವರ ಎದುರು ಆ ಮಾತು ಸಲ್ಲದು.

ಬ್ಯಾಟರಿ ಇಳಿದು ಯಂತ್ರವು ರಾತ್ರಿ ನಿದ್ರೆಗೆ ಜಾರಿತ್ತು. ಮಳೆ ಎಣಿಸುವ ಪುಟ್ಟ ಚಿಪ್ ಮಾತ್ರ ಎಚ್ಚರವಿತ್ತು. ಗಂಟೆಗೊಮ್ಮೆ ಬಡಿಯಬೇಕಿದ್ದ ಟೈಮರ್, ಯಂತ್ರ ಎದ್ದಾಗ ಹಲವು ಗಡುವುಗಳನ್ನು ದಾಟಿ ನಿಂತಿತ್ತು. ಯಂತ್ರವನ್ನು ನಡೆಸುವ ಲಿನಕ್ಸ್ ವ್ಯವಸ್ಥೆಯ ತಿರುಳಾದ ಕರ್ನಲ್ ಅಂಥ ಗಡುವುಗಳನ್ನು ಮರೆಯುವುದೂ ಇಲ್ಲ, ಒಂದೊಂದಕ್ಕೂ ಬೇರೆಬೇರೆಯಾಗಿ ಬಡಿಯುವುದೂ ಇಲ್ಲ. ಪ್ರೋಗ್ರಾಂ ಒಂದು ಕಡತದಂತೆ ಓದಬಹುದಾದ ಟೈಮರ್ ಆದ ಟೈಮರ್‌ಎಫ್‌ಡಿಯನ್ನು ಓದಿದಾಗ ಎಂಟು ಬೈಟ್‌ಗಳಲ್ಲಿ ಒಂದು ಸಂಖ್ಯೆ ಬರುತ್ತದೆ: ಹಿಂದಿನ ಓದಿನಿಂದೀಚೆಗೆ ಎಷ್ಟು ಗಡುವು ಮುಗಿದಿವೆ ಎಂಬ ಲೆಕ್ಕ. ಹುಡುಗ ಬರೆದ ಪ್ರೋಗ್ರಾಂ ಆ ಸಂಖ್ಯೆಯನ್ನು ಓದಿ ಬಿಸಾಡುತ್ತಿತ್ತು. ಹಾಗಾಗಿ ಹಲವು ಗಂಟೆಗಳ ಮಳೆಯೆಲ್ಲ ಒಂದೇ ಗಂಟೆಯ ಲೆಕ್ಕಕ್ಕೆ ಸೇರಿಹೋಗಿತ್ತು.

ಕರ್ನಲ್ ಬರೆದವರ ಜಾಗ್ರತೆ ಇದಕ್ಕಿಂತಲೂ ಆಳದ್ದು. ಗಡಿಯಾರದ ಚಿಪ್‌ಗೆ ಮುಂದಿನ ಗಡುವನ್ನು ಬರೆಯುವಷ್ಟರಲ್ಲೇ ಆ ಗಡುವು ದಾಟಿರಬಹುದು. ಕಂಪ್ಯೂಟರ್‌ಗಳಲ್ಲಿ ಕಾಣುವ ಎಚ್‌ಪಿಇಟಿ ಎಂಬ ಗಡಿಯಾರವು ತನ್ನ ಎಣಿಕೆ ಬರೆದಿಟ್ಟ ಗಡುವಿಗೆ ಸರಿಸಮವಾದಾಗ ಮಾತ್ರ ಕರ್ನಲನ್ನು ಕರೆಯುತ್ತದೆ. ಆ ಕ್ಷಣ ತಪ್ಪಿದರೆ, 14.318 ಮೆಗಾಹರ್ಟ್ಸ್‌ನಲ್ಲಿ ಓಡುವ 32 ಬಿಟ್‌ನ ಎಣಿಕೆ ಪೂರ್ತಿ ಸುತ್ತಿ ಬರಲು ಸುಮಾರು 5 ನಿಮಿಷ ಬೇಕು. ಆದ್ದರಿಂದ ಕರ್ನಲ್ ಗಡುವನ್ನು ಬರೆದ ಕೂಡಲೇ ಎಣಿಕೆಯನ್ನು ಮತ್ತೆ ಓದುತ್ತದೆ, ಹೊತ್ತು ಮೀರಿದ್ದರೆ 'ಈಟೈಮ್' ಎಂಬ ದೋಷವನ್ನು ಹಿಂದಿರುಗಿಸುತ್ತದೆ, ತಡವಾದ ಕೆಲಸವನ್ನು ತಕ್ಷಣ ಕೈಗೆತ್ತಿಕೊಳ್ಳುತ್ತದೆ. ತಡವಾಗಿದೆಯೆಂದು ಮರೆಮಾಚದೆ ಹೇಳಿಬಿಡುವ ಈ ಪದ್ಧತಿಯ ಮೇಲೆ ನನಗೆ ನಿಜವಾದ ಗೌರವವಿದೆ.

"ಒಟ್ಟು ಸರಿ ಇದೆಯಲ್ಲ" ಎಂಬ ಮಾತು ಮಾತ್ರ ಇನ್ನೂ ಕಿವಿಯಲ್ಲಿದೆ. ಹುಡುಗ ಬುದ್ಧಿವಂತ, ಕೆಲಸಗಳ್ಳನಲ್ಲ. ಆದರೆ ಮಳೆಯ ಅಳತೆಯನ್ನು ಯಾರು, ಯಾವ ಇಳಿಜಾರಿನ ಕೆಳಗೆ ಮಲಗಿಕೊಂಡು ನಂಬುತ್ತಾರೆಂದು ಅವನು ಯೋಚಿಸಿರಲಿಲ್ಲ. ಹಲವು ಗಂಟೆ ಹಂಚಿ ಬಿದ್ದ ಮಳೆಯನ್ನು ಮಣ್ಣು ಹೀರಿಕೊಳ್ಳುವ ಬಗೆಯೇ ಬೇರೆ, ಒಂದು ಗಂಟೆಯಲ್ಲಿ ಸುರಿದದ್ದನ್ನು ತಾಳುವ ಬಗೆಯೇ ಬೇರೆ. ಇದು ರೈಟರಿಗೆ ಯಾರೂ ಹೇಳಿಕೊಡದೆ ಗೊತ್ತಿತ್ತು.

ಈಗ ಪ್ರೋಗ್ರಾಂ ಆ ಸಂಖ್ಯೆಯನ್ನು ಉಳಿಸಿಕೊಂಡು, ಎಷ್ಟು ಗಂಟೆಗಳ ಮಳೆ ಒಟ್ಟುಗೂಡಿದೆಯೆಂದು ಅದೇ ಸಾಲಿನಲ್ಲಿ ಬರೆಯುತ್ತದೆ. ಉಳಿದ ತೋಟಗಳ ಯಂತ್ರಗಳಿಗೂ ಕೊಡವರ ಕಕ್ಕಡ ತಿಂಗಳ ಮಳೆ ಹಿಡಿಯುವ ಮೊದಲೇ ಇದನ್ನು ಹಾಕಬೇಕಾಗಿದೆ.