ಐದೂವರೆ ಗಂಟೆ ಹಿಂದೆ ಉಳಿದ ನೋಡ್

18 ಜುಲೈ 2025, ಶುಕ್ರವಾರ
ಮೇಗರವಳ್ಳಿ ಹತ್ತಿರ, ತೀರ್ಥಹಳ್ಳಿ ತಾಲ್ಲೂಕು

ನಿನ್ನೆ ರಾತ್ರಿ ಹತ್ತಕ್ಕೇ ಕರೆಂಟ್ ಹೋಗಿತ್ತು. ಎಲ್ಲೋ ಲೈನ್ ಮೇಲೆ ಮರ ಬಿದ್ದಿರಬೇಕು. ಪುನರ್ವಸು ಮಳೆ ಮುಗಿಯೋಕೆ ಬಂತು, ಆದರೂ ಹಂಚಿನ ಮೇಲೆ ಸುರಿಯುವ ಸದ್ದಿಗೆ ಪಕ್ಕದಲ್ಲಿ ಕೂತವರ ಮಾತೂ ಕೇಳುತ್ತಿರಲಿಲ್ಲ. ಇನ್ವರ್ಟರ್ ಬ್ಯಾಟರಿಗೆ ವಯಸ್ಸಾಗಿದೆ. 11:40ಕ್ಕೆ ಒಂದು ಸಲ ಉದ್ದಕ್ಕೆ ಕೂಗಿ ಸುಮ್ಮನಾಯಿತು. ಅದರ ಜೊತೆ ಮಹಡಿ ಮೇಲಿನ ನನ್ನ ಬಿಟ್‌ಕಾಯಿನ್ ನೋಡ್ ಕೂಡ ಆರಿತು.

ಕರೆಂಟ್ ಬಂದಿದ್ದು ಬೆಳಗಿನ ಜಾವ 4:48ಕ್ಕೆ. ಇಷ್ಟು ಸರಿಯಾಗಿ ಗೊತ್ತಿರೋದಕ್ಕೆ ಕಾರಣ, ಜಗಲಿಯ ಟ್ಯೂಬ್‌ಲೈಟ್ ಸ್ವಿಚ್ ಆರಿಸದೇ ಮಲಗಿದ್ದೆ. ಝಗ್ ಅಂತ ಹತ್ತಿಕೊಂಡಿತು. ಅಪ್ಪಯ್ಯ ಎದ್ದು ಬೈದು ಆರಿಸಿದರು. ನಾನು ಮೊಬೈಲಲ್ಲಿ ಟೈಮ್ ನೋಡಿ ಮತ್ತೆ ಮುಸುಕು ಹಾಕಿಕೊಂಡೆ. ಈ 4:48 ಅನ್ನೋದು ಆಮೇಲೆ ಇಷ್ಟು ಉಪಯೋಗಕ್ಕೆ ಬರುತ್ತೆ ಅಂತ ಆಗ ಗೊತ್ತಿರಲಿಲ್ಲ.

ಹೊಸದಾಗಿ ಓದುತ್ತಿರುವವರಿಗೆ ಎರಡು ಮಾತು. ನನ್ನ ನೋಡ್ ಅಂದರೆ ಒಂದು ರಾಸ್ಪ್‌ಬೆರಿ ಪೈ 4 ಅನ್ನೋ ಅಂಗೈಯಗಲದ ಕಂಪ್ಯೂಟರ್, 2 ಜಿಬಿ ಮೆಮೊರಿಯದ್ದು, ಅದಕ್ಕೊಂದು ಎಸ್‌ಎಸ್‌ಡಿ. ಅದರಲ್ಲಿ ಬಿಟ್‌ಕಾಯಿನ್ ಜಾಲದ ಸಾಫ್ಟ್‌ವೇರ್ ಆದ ಬಿಟ್‌ಕಾಯಿನ್ ಕೋರ್ ಓಡುತ್ತೆ. ಬ್ಲಾಕ್ ಅಂದರೆ ಬಿಟ್‌ಕಾಯಿನ್ ವ್ಯವಹಾರಗಳ ಲೆಕ್ಕದ ಒಂದು ಪುಟ ಅಂದುಕೊಳ್ಳಿ. 2009ರ ಜನವರಿ 3ರ ಮೊದಲ ಬ್ಲಾಕಿನಿಂದ ಹಿಡಿದು ಇವತ್ತಿನ ಬ್ಲಾಕ್‌ವರೆಗೆ ಎಲ್ಲವನ್ನೂ ತಾನೇ ತರಿಸಿಕೊಂಡು ಲೆಕ್ಕ ನೋಡುತ್ತೆ. 9 ಲಕ್ಷದ 5 ಸಾವಿರ ಬ್ಲಾಕ್ ದಾಟಿದೆ. ಇದು ಮೈನಿಂಗ್ ಅಲ್ಲ, ಅಂದರೆ ಹೊಸ ಬ್ಲಾಕ್ ಮಾಡಿ ಕಾಯಿನ್ ಗಳಿಸೋದಲ್ಲ. ಪಕ್ಕದ ಮನೆಯವರು ಸಿಕ್ಕಾಗೆಲ್ಲ "ಏನು, ಎಷ್ಟಾಯ್ತು ಇವತ್ತು?" ಅಂತ ಕೇಳ್ತಾರೆ. ಒಂದು ಪೈಸೆಯೂ ಹುಟ್ಟುವುದಿಲ್ಲ ಅಂದರೆ ನಂಬೋದಿಲ್ಲ. ಮಾರೋಕೆ ನನ್ನ ಹತ್ತಿರ ಕಾಯಿನ್ನೂ ಇಲ್ಲ, ಹಾಗಾಗಿ 2022ರ ಏಪ್ರಿಲ್‌ನಿಂದ ಇಂಥ ಲಾಭದ ಮೇಲೆ ಇರುವ 30 ಪರ್ಸೆಂಟ್ ತೆರಿಗೆಯ ತಲೆನೋವೂ ಇಲ್ಲ. ಸಾಫ್ಟ್‌ವೇರ್ ಹೇಗೆ ನಡೆಯುತ್ತೆ ಅಂತ ಬಿಚ್ಚಿ ನೋಡೋ ಚಟ, ಅಷ್ಟೇ.

ಈ ಚಟ ಇರೋರು ನಾವು ಮೂರು ಜನ. ನಾನು, ಕೊಪ್ಪದವನು, ಸಾಗರದವಳು. ಮೂವರೂ ಬೆಂಗಳೂರಿಗೆ ಹೋಗಿ, ಮನೆಯಿಂದಲೇ ಕೆಲಸ ಅಂತ ವಾಪಸ್ ಬಂದವರು. ರೆಡಿ ಫೈಲ್ ಇಳಿಸಿಕೊಂಡರೆ ಹತ್ತು ನಿಮಿಷದ ಕೆಲಸ. ಆದರೆ ನಾವು ಸೋರ್ಸ್ ಕೋಡ್ ತಂದು, ಅದನ್ನ ಓಡುವ ಪ್ರೋಗ್ರಾಮ್ ಆಗಿ ಮನೆಯಲ್ಲೇ ಬಿಲ್ಡ್ ಮಾಡ್ತೀವಿ.

ಹೋದ ತಿಂಗಳು ಕೋರ್‌ನ 29ನೇ ಆವೃತ್ತಿ ಬಿಲ್ಡ್ ಮಾಡಿದ ಕತೆ ಬರೆಯೋದು ಬಾಕಿ ಇತ್ತು, ಇಲ್ಲೇ ಹೇಳಿಬಿಡ್ತೀನಿ. ಬಿಲ್ಡ್ ಮಾಡೋಕೆ 28ರವರೆಗೆ ಇದ್ದ ಆಟೋಟೂಲ್ಸ್ ಅನ್ನೋ ಹಳೇ ಸಾಧನ ಬಿಟ್ಟು 29ರಿಂದ ಸಿಮೇಕ್‌ಗೆ ಬಂದಿದ್ದಾರೆ. ಕಮಾಂಡ್ ಎರಡೇ, ಸುಲಭ. ನಾನು ಆಸೆಬುರುಕತನ ಮಾಡಿ ನಾಲ್ಕು ಕೋರ್‌ಗೂ ಒಟ್ಟಿಗೇ ಕೆಲಸ ಹಚ್ಚಿದೆ. ಅರ್ಧ ದಾರಿಯಲ್ಲಿ ಕಂಪೈಲರ್ ಸತ್ತಿತು. ಬರೀ "ಕಿಲ್ಡ್" ಅಂತ ಒಂದು ಸಾಲು. ಮೆಮೊರಿ ಸಾಲದೆ ಕರ್ನಲ್ಲೇ ಅದರ ಕುತ್ತಿಗೆ ಹಿಸುಕಿತ್ತು. ಬಿಲ್ಡ್ ಮಾಡುವಾಗ ಕನಿಷ್ಠ ಒಂದೂವರೆ ಜಿಬಿ ಇರಲಿ ಅಂತ ಅವರ ಕಡತದಲ್ಲೇ ಬರೆದಿದೆ, ನನ್ನ ಹತ್ತಿರ ಇರೋದು ಎರಡು. ವ್ಯಾಲೆಟ್ ಭಾಗ ತೆಗೆದು, ಒಂದೊಂದೇ ಫೈಲ್ ಅಂತ ಬಿಟ್ಟು ಮಲಗಿದೆ. ಬೆಳಿಗ್ಗೆ ಮುಗಿದಿತ್ತು. ಓಡಿಸಿ ನೋಡಿದರೆ ಇನ್ನೂ 28 ಅಂತಲೇ ತೋರಿಸುತ್ತಿದೆ! ಮೊದಲು ಫೈಲ್ ಬರುತ್ತಿದ್ದಿದ್ದು ಸೋರ್ಸ್ ಫೋಲ್ಡರ್ ಒಳಗೆ, ಈಗ ಬಿಲ್ಡ್ ಅನ್ನೋ ಬೇರೆ ಫೋಲ್ಡರಿನ ಬಿನ್ ಒಳಗೆ. ನೋಡನ್ನ ತಾನಾಗೇ ಹಚ್ಚುವ ನನ್ನ ಸರ್ವಿಸ್ ಫೈಲ್ ಹಳೇ ಜಾಗದ ಹಳೇ ಪ್ರೋಗ್ರಾಮನ್ನೇ ನಿಷ್ಠೆಯಿಂದ ಓಡಿಸುತ್ತಿತ್ತು.

ಇರಲಿ. ಇವತ್ತಿನ ವಿಷಯಕ್ಕೆ ಬರ್ತೀನಿ.

ಬೆಳಿಗ್ಗೆ 7:05ಕ್ಕೆ ಕಾಫಿ ಲೋಟ ಹಿಡಿದು ಮಹಡಿಗೆ ಹೋದೆ. ನೋಡ್ ತಾನಾಗೇ ಎದ್ದಿತ್ತು. ಆದರೆ ಕೊನೆಯ ಬ್ಲಾಕ್ ನಿನ್ನೆ ರಾತ್ರಿ ಆರುವ ಮುಂಚಿನದ್ದೇ. ಹೊಸದು ಒಂದೂ ಇಲ್ಲ. ಸರಾಸರಿ ಹತ್ತು ನಿಮಿಷಕ್ಕೊಂದು ಬ್ಲಾಕ್ ಬರಬೇಕು. ಅರ್ಧ ಗಂಟೆ ಕಾದೆ, ನಂಬರ್ ಕದಲಲಿಲ್ಲ. ಬಂದ ಕೂಡಲೇ ಪೈನ ಗಡಿಯಾರ 1:34 ತೋರಿಸುತ್ತಿದ್ದದ್ದನ್ನೂ ನೋಡಿದ್ದೆ. ಯುಟಿಸಿ (ನಮ್ಮ ಟೈಮಿಗಿಂತ ಹಿಂದಿರುವ ಜಾಗತಿಕ ಸಮಯ) ಇರಬೇಕು, ಐದೂವರೆ ಗಂಟೆ ಕೂಡಿಸಿದರೆ ಸರಿ ಆಯ್ತಲ್ಲ ಅಂದುಕೊಂಡಿದ್ದೆ. ದಿನವಿಡೀ ಸರ್ವರ್ ನೋಡೋರಿಗೆ ಈ ಕೂಡೋ ಲೆಕ್ಕ ಉಸಿರಾಡಿದ ಹಾಗೆ. ಅಲ್ಲೇ ಎಡವಿದ್ದು.

ಮೊದಲು ಅನುಮಾನ ಬಂದಿದ್ದು ಡಿಸ್ಕ್ ಮೇಲೆ. ಹಾಗೆ ದಿಢೀರ್ ಅಂತ ಕರೆಂಟ್ ಹೋದರೆ ಡೇಟಾಬೇಸ್ ಹಾಳಾಗೋದುಂಟು. ಆದರೆ ಹಾಳಾಗಿದ್ದರೆ ಕೋರ್ ಏಳುವಾಗಲೇ ಕೂಗಾಡುತ್ತೆ. ಪ್ರತಿ ಸಲ ಕೊನೆಯ 6 ಬ್ಲಾಕ್ ಮತ್ತೆ ಪರೀಕ್ಷೆ ಮಾಡಿಯೇ ಮುಂದೆ ಹೋಗೋದು. ಅದು ಪಾಸಾಗಿತ್ತು. ಆಮೇಲೆ ಇಂಟರ್ನೆಟ್. ಅದೂ ಸರಿ ಇತ್ತು, ಹೊರಗಡೆ 10 ನೋಡ್‌ಗಳ ಜೊತೆ ಮಾತಾಡುತ್ತಿತ್ತು. ನೋಡ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್‌ನಲ್ಲಿ ಮಾತ್ರ ನಡುನಡುವೆ, ತುದಿಯ ಬ್ಲಾಕ್ ಹಳತಾದಂತಿದೆ, ಇನ್ನೊಂದು ನೋಡ್ ಹಿಡಿದು ನೋಡ್ತೀನಿ ಅನ್ನೋ ಅರ್ಥದ ಸಾಲು.

ಎಂಟಕ್ಕೆ ಮೂವರೂ ಕಾಲ್‌ಗೆ ಬಂದೆವು. ಅಮ್ಮ ಕಡುಬು ತಂದಿಟ್ಟು, "ಯಾರ ಹತ್ರ ಬೆಳಬೆಳಿಗ್ಗೆ ಜಗಳ?" ಅಂತ ಕೇಳಿ ಇಳಿದು ಹೋದರು. ಜಗಳವೇ ಆಗಿತ್ತು. ಯಾಕಂದ್ರೆ ಹೋದ ಭಾನುವಾರ ಕೊಪ್ಪದವನು ಒಂದು ಪ್ಯಾಚ್ ಕಳಿಸಿದ್ದ. ಬೇರೆ ನೋಡ್‌ನಿಂದ ಹೆಡರ್ (ಬ್ಲಾಕಿನ ಸಣ್ಣ ತಲೆಬರಹ) ಬಂದಾಗಲೆಲ್ಲ ಎಷ್ಟು ಬಂತು ಅಂತ ಎಣಿಸಿ ಲಾಗ್‌ಗೆ ಬರೆಯೋ ನಾಲ್ಕು ಸಾಲು. ನಾನು ಅದನ್ನ ಸೇರಿಸಿ ಬಿಲ್ಡ್ ಮಾಡಿದ್ದೆ. ಈಗ ಹೆಡರ್ ಬರುವ ಜಾಗದಲ್ಲೇ ಕೆಟ್ಟಿದೆ ಅಂದರೆ ಯಾರ ಮೇಲೆ ಹಾಕೋದು?

"ನನ್ನ ಪ್ಯಾಚ್ ಬರೀ ಎಣಿಸುತ್ತೆ ಮಾರಾಯ, ಯಾರನ್ನೂ ತಡೆಯೋದಿಲ್ಲ" ಅಂದ.

"ಹೆಡರ್ ಬರ್ತಿದೆಯಂತಲ್ಲ, ನಿನ್ನ ಲೆಕ್ಕವೇ ಹೇಳ್ತಿದೆ. ಬಂದಿದ್ದು ಎಲ್ಲಿಗೆ ಹೋಯ್ತು ಮತ್ತೆ?" ಅಂದೆ.

ಪಾಪ, ಅವನಿಗೂ ಅನುಮಾನ ಹತ್ತಿತು. ಪ್ಯಾಚ್ ತೆಗೆದು ಮತ್ತೆ ಬಿಲ್ಡ್ ಮಾಡು ಅಂದ. ಮಳೆಯಲ್ಲಿ, ಈ ಕರೆಂಟ್ ನಂಬಿಕೊಂಡು ಇನ್ನೊಂದು ರಾತ್ರಿ ಬಿಲ್ಡ್! ನನಗೆ ತಲೆ ಕೆಟ್ಟು, ರೀಇಂಡೆಕ್ಸ್ (ಡೇಟಾಬೇಸನ್ನ ಮೊದಲಿಂದ ಮತ್ತೆ ಕಟ್ಟೋದು) ಹೊಡೆದುಬಿಡ್ಲಾ ಅಂತ ಕಮಾಂಡ್ ಟೈಪ್ ಮಾಡಿಯೂ ಆಗಿತ್ತು. ಎಂಟರ್ ಒತ್ತೋದೊಂದು ಬಾಕಿ.

"ಕೈ ತೆಗಿ ಮೊದ್ಲು" ಅಂತ ಕೂಗಿದ್ದು ಸಾಗರದವಳು. ಅವಳು ಹೇಳಿದ್ದು ಸರಿ. ನನ್ನದು ಪ್ರೂನ್ ಮಾಡಿದ ನೋಡ್. ಹಳೇ ಬ್ಲಾಕ್‌ಗಳನ್ನ ಪರೀಕ್ಷೆ ಮಾಡಿ ಅಳಿಸಿಬಿಟ್ಟಿರುತ್ತೆ, ಡಿಸ್ಕ್‌ನಲ್ಲಿ ಇರೋದು ಇತ್ತೀಚಿನದ್ದು ಮಾತ್ರ. ಪ್ರೂನ್ ನೋಡ್‌ನಲ್ಲಿ ರೀಇಂಡೆಕ್ಸ್ ಅಂದರೆ ಇಡೀ ಸರಪಳಿ, 600 ಜಿಬಿಗೂ ಜಾಸ್ತಿ, ಮೊದಲಿಂದ ಇಳಿಸಬೇಕು. ನಮ್ಮೂರ ಲೈನಲ್ಲಿ ಅದು ಮುಗಿಯೋದು ದೀಪಾವಳಿಗೆ.

"ಲಾಗ್ ಕಳಿಸು, ಪೂರ್ತಿ ಕಳಿಸು, ನಿಂಗೆ ಬೇಕಾದ ಸಾಲು ಆರಿಸಿ ಕಳಿಸಬೇಡ" ಅಂದಳು. ಕಳಿಸಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಅವಳ ಕಡೆಯಿಂದಲೂ ಮಳೆ ಸದ್ದು ಮಾತ್ರ.

"ಈಗ ಟೈಮ್ ಎಷ್ಟು?"

"9:20."

"ನಿನ್ನ ಲಾಗ್‌ನಲ್ಲಿ ಇನ್ನೂ 17ನೇ ತಾರೀಕು, 22:19. ಕೊನೆಗೆ ಝಡ್ ಇದೆ, ಅಂದ್ರೆ ಯುಟಿಸಿ. ಐದೂವರೆ ಕೂಡಿಸಿದ್ರೆ ಬೆಳಗಿನ ಜಾವ 3:49. ನಿಮ್ಮನೇಲಿ ಈಗ 3:49 ಆ?"

ಪೈನ ಗಡಿಯಾರ ನೋಡಿದೆ. 3:49. ಅದರ ಪಕ್ಕದಲ್ಲೇ ಐಎಸ್‌ಟಿ ಅಂತ ಬರೆದಿದೆ. ಪೈ ಯುಟಿಸಿಯಲ್ಲಿ ಇರಲೇ ಇಲ್ಲ. ನಮ್ಮ ಟೈಮಲ್ಲೇ ಇತ್ತು, ಐದೂವರೆ ಗಂಟೆ ಹಿಂದೆ ಇತ್ತು!

ಹೇಗಾಯಿತು ಅಂದರೆ, ಪೈ 4ರಲ್ಲಿ ಕರೆಂಟ್ ಇಲ್ಲದಾಗ ಟೈಮ್ ಎಣಿಸುವ ಗಡಿಯಾರವೇ ಇಲ್ಲ, ಸೆಲ್ಲೂ ಇಲ್ಲ. ಗಂಟೆಗೊಂದು ಸಲ ಆಗಿನ ಸಮಯವನ್ನ ಒಂದು ಫೈಲಿಗೆ ಬರೆದಿಡುತ್ತೆ. ಮತ್ತೆ ಎದ್ದಾಗ ಆ ಫೈಲ್ ನೋಡಿ ಅಲ್ಲಿಂದಲೇ ಶುರು ಮಾಡುತ್ತೆ. ನಿನ್ನೆ ಕೊನೆಯ ಸಲ ಬರೆದದ್ದು 11:17ಕ್ಕೆ. ಎದ್ದಿದ್ದು 4:48ಕ್ಕೆ. ಅಂದರೆ ಪೈ ಪಾಲಿಗೆ ಇನ್ನೂ 11:17. ವ್ಯತ್ಯಾಸ 5 ಗಂಟೆ 31 ನಿಮಿಷ. ನಮ್ಮ ದೇಶದ ಟೈಮಿಗೂ ಯುಟಿಸಿಗೂ ಇರುವ ಅಂತರಕ್ಕಿಂತ ಒಂದೇ ನಿಮಿಷ ಜಾಸ್ತಿ. ಮರ ಬಿದ್ದ ಲೈನ್ ರಿಪೇರಿ ಮಾಡಿದವರು ಅರ್ಧ ಗಂಟೆ ತಡ ಮಾಡಿದ್ದರೂ ನನಗೆ ಬೆಳಿಗ್ಗೆ 7:05ಕ್ಕೇ ಗೊತ್ತಾಗುತ್ತಿತ್ತು.

ಎದ್ದ ಮೇಲೆ ಇಂಟರ್ನೆಟ್‌ನಿಂದ ಟೈಮ್ ಸರಿಮಾಡಿಕೊಳ್ಳಬೇಕಿತ್ತಲ್ವಾ? ಮಾಡಿಕೊಳ್ಳಲಿಲ್ಲ. ತಪ್ಪು ನನ್ನದೇ. ಎರಡು ವಾರದ ಹಿಂದೆ ಕ್ರೋನಿ ಅನ್ನೋ ಬೇರೆ ಟೈಮ್ ಪ್ರೋಗ್ರಾಮ್ ಹಾಕಿ ನೋಡಿದ್ದೆ. ಅದನ್ನ ಹಾಕುವಾಗ ಮೊದಲಿದ್ದದ್ದು ತಾನಾಗೇ ಹೋಗುತ್ತೆ. ಆಮೇಲೆ ಬೇಡ ಅಂತ ಕ್ರೋನಿ ತೆಗೆದೆ. ಹಳೇದು ತಾನಾಗೇ ವಾಪಸ್ ಬರೋದಿಲ್ಲ. ಎರಡು ವಾರ ಪೈ ಆರಿರಲಿಲ್ಲ, ಹಾಗಾಗಿ ಗೊತ್ತೂ ಆಗಲಿಲ್ಲ.

ಇನ್ನು ಬ್ಲಾಕ್ ಯಾಕೆ ನಿಂತಿತು? ಪ್ರತಿ ಬ್ಲಾಕ್ ಮೇಲೂ ಅದನ್ನ ಮಾಡಿದವರು ಟೈಮ್ ಬರೆದಿರುತ್ತಾರೆ. ಅದು ಹಿಂದಿನ 11 ಬ್ಲಾಕ್‌ಗಳ ಟೈಮನ್ನ ಕ್ರಮವಾಗಿ ಜೋಡಿಸಿದರೆ ಸರಿಯಾಗಿ ನಡುವೆ ಬರುವ ಟೈಮ್‌ಗಿಂತ ಮುಂದೆ ಇರಬೇಕು. ನೋಡ್‌ನ ಗಡಿಯಾರಕ್ಕಿಂತ 2 ಗಂಟೆಗೂ ಜಾಸ್ತಿ ಮುಂದೆ ಇರಬಾರದು. ಈ ಬೇಲಿ ಇಲ್ಲದಿದ್ದರೆ ಮೈನಿಂಗ್ ಮಾಡೋರು ಸುಳ್ಳು ಟೈಮ್ ಬರೆದು, 2016 ಬ್ಲಾಕ್‌ಗೊಂದು ಸಲ ಆಗುವ, ಬ್ಲಾಕ್ ಮಾಡೋದು ಎಷ್ಟು ಕಷ್ಟ ಇರಬೇಕು ಅನ್ನೋ ಲೆಕ್ಕವನ್ನೇ ತಿರುಚಬಹುದು. ಸರಿ, ನನ್ನ ನೋಡ್‌ಗೆ ಬೆಳಗಿನ ಜಾವ ಮಾಡಿದ ಬ್ಲಾಕೆಲ್ಲ ನಾಳೆಯ ಬ್ಲಾಕಾಗಿ ಕಂಡಿದೆ. ಇಡೀ ಪ್ರಪಂಚ ಸುಳ್ಳು ಹೇಳ್ತಿದೆ ಅಂತ ಬಾಗಿಲು ಹಾಕಿಕೊಂಡು ಕೂತಿದೆ. ಯಾರನ್ನೂ ನಂಬದೆ ಎಲ್ಲವನ್ನೂ ತಾನೇ ಪರೀಕ್ಷಿಸುವ ಸಾಫ್ಟ್‌ವೇರ್, ಮನೆಯ ಗಡಿಯಾರವನ್ನ ಮಾತ್ರ ಕೇಳದೇ ನಂಬುತ್ತೆ. ಇದು ನನಗೆ ಓದಿ ಗೊತ್ತಿತ್ತು. ಕೈ ಸುಟ್ಟುಕೊಂಡು ಗೊತ್ತಾಗಿದ್ದು ಇವತ್ತು.

ಗ್ಯಾರಂಟಿ ಮಾಡಿಕೊಳ್ಳೋಕೆ ಎರಡು ಕೆಲಸ ಮಾಡಿದೆವು. ಜೊತೆಗಿದ್ದ ನೋಡ್‌ಗಳ ಪಟ್ಟಿ ತೆಗೆದರೆ ಪ್ರತಿಯೊಬ್ಬರ ಗಡಿಯಾರಕ್ಕೂ ನಮ್ಮದಕ್ಕೂ ಇರುವ ಅಂತರ ಸೆಕೆಂಡಲ್ಲಿ ಸಿಗುತ್ತೆ. ಹತ್ತರಲ್ಲಿ ಹತ್ತೂ 19,860ರ ಆಸುಪಾಸು. ವ್ಯಾಲಿಡೇಶನ್ ಲಾಗ್ ಆನ್ ಮಾಡಿದರೆ ಸಾಲುಸಾಲಾಗಿ "ಟೈಮ್-ಟೂ-ನ್ಯೂ", ಅಂದರೆ ಬ್ಲಾಕಿನ ಟೈಮ್ ತೀರಾ ಮುಂದಿದೆ ಅಂತ. ಕೊನೆಗೆ ಕೊಪ್ಪದವನು ಮೆಲ್ಲಗೆ, "ಎಚ್ಚರಿಕೆಯ ಸಾಲು ಓದಿದ್ಯಾ?" ಅಂದ. ನೋಡ್‌ನ ಸ್ಥಿತಿ ಕೇಳಿದರೆ ಬರುವ ಉತ್ತರದ ಕಟ್ಟಕಡೆಯಲ್ಲಿ ಎಚ್ಚರಿಕೆಗಳು ಅಂತ ಒಂದಿರುತ್ತೆ. ನಿಮ್ಮ ಕಂಪ್ಯೂಟರಿನ ಟೈಮ್ 10 ನಿಮಿಷಕ್ಕಿಂತ ಜಾಸ್ತಿ ತಪ್ಪಿದೆ ಅಂತ ಅಲ್ಲೇ ಬರೆದಿತ್ತು. ಬೆಳಿಗ್ಗೆಯಿಂದ ಆ ಉತ್ತರವನ್ನ ಇಪ್ಪತ್ತು ಸಲ ತೆಗೆದಿದ್ದೇನೆ. ಬ್ಲಾಕ್ ನಂಬರ್ ಮೇಲಿರುತ್ತೆ, ಅದನ್ನಷ್ಟೇ ನೋಡಿ ಬಿಡುತ್ತಿದ್ದೆ.

ಹಳೇ ಟೈಮ್ ಪ್ರೋಗ್ರಾಮ್ ವಾಪಸ್ ಹಾಕಿದೆ. ಗಡಿಯಾರ ನೆಗೆಯಿತು. ನೋಡ್ ನಿಲ್ಲಿಸಿ ಮತ್ತೆ ಹಚ್ಚಿದೆ. ಬ್ಲಾಕ್‌ಗಳು ಒಂದರ ಹಿಂದೊಂದು, ಐವತ್ತಕ್ಕೂ ಜಾಸ್ತಿ, ಕಡುಬು ತಣ್ಣಗಾಗೋದರೊಳಗೆ ಅಲ್ಲದಿದ್ದರೂ ಎರಡನೇ ಲೋಟ ಕಾಫಿ ಮುಗಿಯೋದರೊಳಗೆ ಬಂದು ಕೂತವು.

ಮಧ್ಯಾಹ್ನ ಸ್ವಲ್ಪ ಹೊಳವಾಯಿತು. ಅಪ್ಪಯ್ಯ ಕೊಳೆ ಔಷಧಿ ಹೊಡೆಸೋಕೆ ಆಗುತ್ತಾ ಅಂತ ತೋಟದ ಕಡೆ ಹೋಗಿ, ಮೈಲುತುತ್ತ ಕದಡುವ ಮೊದಲೇ ನೆನೆದು ವಾಪಸ್ ಬಂದರು. ನಾನು ಆ ಹೊತ್ತಲ್ಲಿ ಡಿಎಸ್3231 ಅನ್ನೋ ಸಣ್ಣ ಗಡಿಯಾರದ ಬೋರ್ಡ್ ಆರ್ಡರ್ ಮಾಡಿದೆ. ಸೆಲ್ ಹಾಕಿ ಪೈಗೆ ಸಿಕ್ಕಿಸಿದರೆ ಕರೆಂಟ್ ಇಲ್ಲದಾಗಲೂ ಎಣಿಸುತ್ತಿರುತ್ತೆ. ಅದು ಬರೋವರೆಗೆ, ಟೈಮ್ ಸರಿಯಾಗುವ ತನಕ ನೋಡ್ ಏಳಬಾರದು ಅಂತ ಸರ್ವಿಸ್ ಫೈಲಲ್ಲಿ ಒಂದು ಸಾಲು ಸೇರಿಸಿದ್ದೇನೆ. ಕೊಪ್ಪದವನ ಪ್ಯಾಚ್ ಹಾಗೇ ಇದೆ. ಸುಮ್ನೆ ಅವನ ಮೇಲೆ ಹಾಕಿದ್ದಕ್ಕೆ ಅಮ್ಮನ ಕೈಯ ಪತ್ರೊಡೆ ದಂಡ ಅಂತ ತೀರ್ಮಾನ ಆಗಿದೆ.

ರಾತ್ರಿ 9:10. ಈಗ ತಾನೇ ಕರೆಂಟ್ ಹೋಯಿತು. ಇನ್ವರ್ಟರ್ ಕೂಗೋಕೆ ಇನ್ನೂ ಒಂದೂವರೆ ಗಂಟೆ ಇದೆ. ಈ ಸಲ ಅದಕ್ಕೆ ಕಾಯದೆ ನೋಡ್‌ಗೆ ನಿಲ್ಲು ಅಂತ ಹೇಳಿದ್ದೇನೆ. ಲಾಗ್‌ನ ಕೊನೆಯ ಸಾಲು ಬಂತು, "ಶಟ್‌ಡೌನ್: ಡನ್". ಟೈಮ್ 15:40, ಕೊನೆಗೆ ಝಡ್. ಬೆರಳು ಮಡಚಿ ಐದೂವರೆ ಕೂಡಿಸಿ ನೋಡಿದೆ.