ಫೋಟೋ ತೆಗೆದರೆ ಸಾಕಲ್ವಾ?

"ಈಗ ಎಲ್ಲರ ಫೋನಲ್ಲೂ ಒಳ್ಳೇ ಕ್ಯಾಮೆರಾ ಇದೆ. ಗಿಡದ ಚಿತ್ರ ಬರೆಸೋಕೆ ನಿಮಗ್ಯಾಕೆ ದುಡ್ಡು ಕೊಡಬೇಕು?"

ಬ್ರ್ಯಾಂಡ್‌ಗಳಿಗೆ, ಪತ್ರಿಕೆಗಳಿಗೆ ಗಿಡಗಳ ಚಿತ್ರ ಬರೆದುಕೊಡುತ್ತೇನೆ ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ. ಮದುವೆಮನೆಯಲ್ಲಿ ನೆಂಟರು ಕೇಳುತ್ತಾರೆ. ಕೆಲಸ ಕೊಡಲು ಬಂದವರೂ ಕೇಳುತ್ತಾರೆ.

ಚಿಕ್ಕಮಗಳೂರು ಕಡೆಯ ಒಂದು ತೋಟದವರಿಗೆ ಅರೇಬಿಕಾ ಕಾಫಿ ಪೊಟ್ಟಣದ ಮೇಲೆ ಹಾಕಲು ಚಿತ್ರ ಬೇಕಿತ್ತು. ಹೂವೂ ಇರಲಿ, ಹಣ್ಣೂ ಇರಲಿ ಅಂದರು. ಕಾಫಿ ಹೂ ಅರಳಿಸುವ ಹೂಮಳೆ ಬೀಳುವುದು ಮಾರ್ಚ್-ಏಪ್ರಿಲ್ ಹೊತ್ತಿಗೆ. ಮಳೆಯಾಗಿ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ. ಮತ್ತೆರಡು ಮೂರು ದಿನಕ್ಕೆ ಹೂ ಬಾಡಿ ಕಂದಾಗುತ್ತದೆ. ಹಣ್ಣು ಕೆಂಪಾಗಲು ನವೆಂಬರ್ ಬರಬೇಕು. ಹಾಗಾಗಿ ಎರಡು ಸಲ ತೋಟಕ್ಕೆ ಹೋದೆ.

ರೆಂಬೆಯನ್ನು ನೀರಿನ ಲೋಟದಲ್ಲಿಟ್ಟು ಮೊದಲು ಹೂವನ್ನೇ ಬರೆದೆ. ಎಲೆ ಕಾಯುತ್ತದೆ, ಹೂ ಕಾಯುವುದಿಲ್ಲ. ಬಿಳಿ ಹೂವಿಗೆ ನಾನು ಬಿಳಿ ಬಣ್ಣ ಹಚ್ಚುವುದಿಲ್ಲ. ಕಾಗದವನ್ನು ಹಾಗೇ ಬಿಟ್ಟು, ಐದು ಎಸಳುಗಳ ನಡುವಿನ ನೆರಳನ್ನಷ್ಟೇ ತೆಳು ಬೂದು ಬಣ್ಣದಲ್ಲಿ ಹಾಕುತ್ತೇನೆ. ಎಲೆ ಮಗುಚಿ ಲೆನ್ಸ್ ಹಿಡಿದರೆ, ನಡುನರದಿಂದ ಪಕ್ಕದ ನರ ಕವಲೊಡೆಯುವ ಕಡೆ ಪುಟ್ಟ ಗುಳಿಗಳು ಕಾಣುತ್ತವೆ. ಅವೂ ಬರಬೇಕು. ಕೊನೆಗೆ ಒಂದೇ ಹಾಳೆಯಲ್ಲಿ ಹೂವಿನ ರೆಂಬೆ, ಪಕ್ಕದಲ್ಲಿ ಹಣ್ಣಿನ ರೆಂಬೆ, ಕೆಳಗೆ ಕೊಯ್ದ ಒಂದು ಹಣ್ಣು, ಅದರೊಳಗೆ ಮೈಗೆ ಮೈ ತಾಗಿಸಿ ಕೂತ ಎರಡು ಬೀಜ. ಗಿಡದ ಎಂಟು ತಿಂಗಳ ಕತೆ ಅದು. ಯಾವ ಫೋಟೋದಲ್ಲಿ ಸಿಗುತ್ತದೆ ಹೇಳಿ?

ಕೆಲಸದ ಶುರುವಿನಲ್ಲಿ ಒಮ್ಮೆ ಬರೀ ಫೋಟೋ ನೋಡಿ ಕಾಫಿ ಬರೆದಿದ್ದೆ. ಕಾಫಿ ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು ಬರುತ್ತವೆ. ಆ ಫೋಟೋದಲ್ಲಿ ಕೆಲವು ಎಲೆಗಳು ಮರೆಯಾಗಿದ್ದವು. ನಾನು ಆ ಕಡೆ ಒಂದು, ಅದರ ಮೇಲೆ ಈ ಕಡೆ ಒಂದು ಅಂತ ಬರೆದುಬಿಟ್ಟೆ. ತೋಟದ ಮೇಸ್ತ್ರಿ ನೋಡಿದವರೇ "ಇದು ಕಾಫಿ ಗಿಡ ಅಲ್ಲ ಮೇಡಂ" ಅಂದರು. ಅವತ್ತಿನಿಂದ ಗಿಡ ಎದುರಿಗಿಲ್ಲದೆ ಪೆನ್ಸಿಲ್ ಹಿಡಿಯುವುದಿಲ್ಲ. ಫೋಟೋ ನಾನೂ ತೆಗೆಯುತ್ತೇನೆ, ಬಣ್ಣದ ನೆನಪಿಗೆ. ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ಲಾಲ್‌ಬಾಗ್‌ನಲ್ಲಿ ಚಿತ್ರಕಾರ ಚೆಲುವಯ್ಯ ರಾಜು ಗಿಡಗಳನ್ನು ಬರೆಯುತ್ತಿದ್ದ ಕಾಲದಲ್ಲೂ ಕ್ಯಾಮೆರಾ ಇತ್ತು. ಆದರೂ ಬರೆಸಿದರು ಅಲ್ವಾ.

ಇನ್ನು ದುಡ್ಡಿನ ವಿಷಯ. ಈ ಕೆಲಸಕ್ಕೆ ಬರುವವರು ಇದನ್ನು ಸರಿಯಾಗಿ ಕೇಳಿಸಿಕೊಳ್ಳಿ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಬರೆಸಿದ ಚಿತ್ರದ ಹಕ್ಕು ಬರೆಸಿದವರದ್ದೇ, ಬೇರೆ ಒಪ್ಪಂದ ಇಲ್ಲದಿದ್ದರೆ. ನನಗೆ ಇದು ಗೊತ್ತಿರಲಿಲ್ಲ. ಪೊಟ್ಟಣಕ್ಕೆಂದು ಒಬ್ಬರಿಗೆ ಬರೆದುಕೊಟ್ಟದ್ದು ಕ್ಯಾಲೆಂಡರ್ ಮೇಲೂ ಬಂತು, ಮಗ್ ಮೇಲೂ ಬಂತು. ಒಂದು ರೂಪಾಯಿ ಜಾಸ್ತಿ ಸಿಗಲಿಲ್ಲ. ತುಂಬಾ ನೋವಾಯಿತು.

ಈಗ ಬ್ರಷ್ ಮುಟ್ಟುವ ಮೊದಲೇ ಬರೆಸಿಕೊಳ್ಳುತ್ತೇನೆ: ಹಕ್ಕು ನನ್ನದು, ಯಾವುದರ ಮೇಲೆ ಬಳಸಬಹುದು, ಎಷ್ಟು ವರ್ಷ, ಮೂಲ ಚಿತ್ರ ಯಾರ ಹತ್ತಿರ. ಪತ್ರಿಕೆಗಾದರೆ ಒಂದು ಸಂಚಿಕೆಗೆ ಮಾತ್ರ. ಆ ಕಾಫಿ ಚಿತ್ರದ ಬಿಲ್‌ನಲ್ಲಿ ಎರಡು ಸಲ ತೋಟಕ್ಕೆ ಹೋಗಿಬಂದ ಖರ್ಚನ್ನೂ ಸೇರಿಸಿದ್ದೆ. ತೋಟದವರು ಮರುಮಾತಿಲ್ಲದೆ ಕೊಟ್ಟರು.